ಸೊಂಟಕ್ಕೊಂದು ಪಿಂಗಾಣಿ ಗುಂಡು

ಅಕ್ಕಾ,

ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ನಡುವೆ ಕುಕ್ಕರ್ ಕೂಗುತ್ತದೆ, ಇಲ್ಲವೇ ಬಾಗಿಲಿಗೆ ಯಾರೋ ಬಂದುಬಿಡುತ್ತಾರೆ. ಕಾಗದವಾದರೆ ಹಾಗೆ ತಪ್ಪಿಸಿಕೊಳ್ಳಲಾಗದು. ಮಗ್ಗದಿಂದ ಎದ್ದ ಮೇಲೆ ಕಾಲು ಚಾಚಿಕೊಂಡು ಕೂತು ಓದು.

ನಿನ್ನ ಎಡ ಸೊಂಟದ ಕೀಲು ಪೂರ್ತಿ ಸವೆದಿದೆ, ಬದಲಾಯಿಸದಿದ್ದರೆ ನಡಿಗೆಯೇ ನಿಂತೀತು ಎಂದು ಹೋದ ತಿಂಗಳು ಮೈಸೂರಿನ ಡಾಕ್ಟರು ಹೇಳಿದರು. ಒಳಗೆ ಪಿಂಗಾಣಿಯ ಗುಂಡು ಕೂರಿಸುತ್ತೇವೆ ಎಂದಾಗ ನೀನು ಅವರ ಮುಖ ನೋಡದೆ ನನ್ನ ಮುಖ ನೋಡಿದೆ. ಹೊರಗೆ ಬಂದ ಮೇಲೆ, "ಉಪ್ಪಿನಕಾಯಿ ಜಾಡಿಯ ಸೊಂಟದೊಳಗೆ ಮಡಿಕಂಡು ತಿರುಗಾಡು ಅಂತನಲ್ಲೇ ಆ ಡಾಕ್ಟ್ರು. ಎಲ್ಲಾರ ಬಿದ್ರೆ ಚೂರುಚೂರಾಗೋಯ್ತದೆ ಕಣೆ" ಎಂದೆ. ನಾನೂ ನಕ್ಕೆ. ಆದರೆ ನಾನು ಅನ್ನ ತಿನ್ನುವುದೇ ಆ ಗುಂಡುಗಳ ಕೆಲಸದಿಂದ. ಇಷ್ಟು ವರ್ಷವಾದರೂ ಕಾರ್ಖಾನೆಯಲ್ಲಿ ಏನು ಮಾಡುತ್ತೀಯ ಎಂದು ನೀನು ಕೇಳಿಲ್ಲ. "ನಮ್ ರತ್ನ ಕಪ್ಪು-ಬಸಿ ಫ್ಯಾಕ್ಟ್ರೀಲಿ ಅವ್ಳೆ" ಎಂದು ಕೊಳ್ಳೇಗಾಲದ ಬೀದಿಗೆಲ್ಲ ಹೇಳಿಟ್ಟಿದ್ದೀಯ. ಈಗ ಕೇಳು.

ಮೊದಲು ಅದು ಬರೀ ಪುಡಿ. ಮಣ್ಣಲ್ಲ, ಅಲ್ಯುಮಿನಾ ಎನ್ನುವ ಬಿಳಿ ಪುಡಿ, ರಾಗಿ ಹಿಟ್ಟಿಗಿಂತ ಎಷ್ಟೋ ನಯ. ಹಾಗೇ ಸುರಿದರೆ ಅಚ್ಚಿನೊಳಗೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೆ ನೀರು, ಒಂದಿಷ್ಟು ಅಂಟು ಕಲಸಿ ಬಿಸಿಗಾಳಿಯಲ್ಲಿ ಸಿಂಪಡಿಸುತ್ತಾರೆ. ಸಣ್ಣ ರವೆಯಾಗಿ ಉದುರುತ್ತದೆ. ಆ ರವೆಯನ್ನು ರಬ್ಬರಿನ ಅಚ್ಚಿಗೆ ತುಂಬಿ, ನೀರಿರುವ ದಪ್ಪ ಉಕ್ಕಿನ ಹಂಡೆಯೊಳಗಿಟ್ಟು ಸುತ್ತಲಿಂದಲೂ ಒತ್ತುತ್ತಾರೆ. ಒಂದೇ ಕಡೆಯಿಂದ ಒತ್ತಿದರೆ ಒಂದು ಪಕ್ಕ ಬಿಗಿ, ಇನ್ನೊಂದು ಪಕ್ಕ ಸಡಿಲ ಉಳಿದು, ಬೇಯುವಾಗ ಸೊಟ್ಟಗಾಗುತ್ತದೆ. ಒತ್ತಿ ತೆಗೆದದ್ದು ಸೀಮೆಸುಣ್ಣದ ಮುದ್ದೆ ಅಷ್ಟೆ, ಉಗುರಲ್ಲಿ ಕೆರೆದರೂ ಗೀರು ಬೀಳುತ್ತದೆ. ಅದನ್ನು ಲೇತಿನಲ್ಲಿ ದುಂಡಗೆ ಕಡೆಯುತ್ತಾರೆ. ಬೇಕಾದ್ದಕ್ಕಿಂತ ದೊಡ್ಡದಾಗಿಯೇ ಕಡೆಯಬೇಕು, ಏಕೆಂದರೆ ಭಟ್ಟಿಯಲ್ಲಿ ಅದು ಐದರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ.

ಭಟ್ಟಿಯ ಹತ್ತಿರ ಆತುರ ನಡೆಯುವುದಿಲ್ಲ. ಮೊದಲು ಮೆಲ್ಲಗೆ ಕಾಯಿಸಿ ಅಂಟೆಲ್ಲ ಹೊಗೆಯಾಗಿ ಹೋಗಲು ಬಿಡಬೇಕು. ಅವಸರ ಮಾಡಿದರೆ ಒಳಗೇ ಬಿರುಕು. ಆಮೇಲೆ ಕಬ್ಬಿಣ ಕರಗುವಷ್ಟು ಕಾವು. ಈ ಪುಡಿ ಮಾತ್ರ ಕರಗುವುದಿಲ್ಲ. ಕಣಕ್ಕೆ ಕಣ ಅಂಟಿ ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಆರಿಸುವುದೂ ನಿಧಾನವೇ. ಹೊರಗೆ ಬಂದದ್ದನ್ನು ಉಜ್ಜಿ ನಯಮಾಡಲು ವಜ್ರದ ಪುಡಿಯೇ ಬೇಕು. ನನ್ನ ಕೆಲಸ ಬರುವುದು ಕೊನೆಯಲ್ಲಿ. ಪ್ರತಿ ಗುಂಡಿನ ಮೇಲೂ ಮನುಷ್ಯರ ಮೈಭಾರಕ್ಕಿಂತ ಎಷ್ಟೋ ಪಟ್ಟು ಒತ್ತಡ ಹಾಕಿ ನೋಡುತ್ತೇನೆ. ಒಡೆಯುವುದಿದ್ದರೆ ಅಲ್ಲೇ ಒಡೆಯಲಿ ಎಂದು. ಟಪ್ಪೆಂದರೆ ತೆಗೆದು ಬುಟ್ಟಿಗೆ ಹಾಕಿ ಮುಂದಿನದನ್ನು ಎತ್ತಿಕೊಳ್ಳುತ್ತೇನೆ, ಅದಕ್ಕೆಲ್ಲ ಮರುಗುವ ಅಭ್ಯಾಸ ತಪ್ಪಿದೆ. ಇಷ್ಟಾದರೂ ಸೊಂಟದೊಳಗೆ ಕೂತ ಮೇಲೆ ಯಾವುದೂ ಒಡೆಯುವುದೇ ಇಲ್ಲ ಎಂದು ಆಣೆ ಮಾಡಲಾರೆ. ಅಪರೂಪಕ್ಕೆ ಒಡೆದದ್ದುಂಟು. ಜಾಡಿಯ ಹಾಗೆ ಕೈಜಾರಿದರೆ ಚೂರಾಗುವ ವಸ್ತುವಲ್ಲ, ಅಷ್ಟು ಹೇಳಬಲ್ಲೆ.

ಆದರೆ ಅಕ್ಕ, ನಿನ್ನ ಭಯ ಗುಂಡಿನದಲ್ಲ ಎಂದು ನನಗೆ ಗೊತ್ತು. ಈ ಸಲ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವಳು, ಹನೂರು ದಾಟಿ ಕೌದಳ್ಳಿಯಲ್ಲಿ ಯಾವುದೋ ಅಂಗಡಿಯ ಜಗಲಿ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಮನೆಗೆ ಬಂದು, "ಬಸ್ಸು ಖಾಲಿ ಬತ್ತಿತ್ತು, ಅತ್ತಿಬುಟ್ಟೆ" ಎಂದೆಯಂತೆ. ಶಿವರಾತ್ರಿಯಲ್ಲಿ, ಆ ರಸ್ತೆಯಲ್ಲಿ, ಖಾಲಿ ಬಸ್ಸು. ನಿನ್ನ ಮಗಳು ಇಂಚರ ಇದನ್ನು ಹೇಳುತ್ತಾ ಫೋನಿನಲ್ಲೇ ಅತ್ತಳು. ಅಷ್ಟು ನೋವಿದ್ದೂ ಡಾಕ್ಟರ ಹತ್ತಿರ ನೀನು ಕೇಳಿದ್ದು ಒಂದೇ ಪ್ರಶ್ನೆ: "ಆಮೇಕೆ ಕುಣಿಮಗ್ಗಕ್ಕೆ ಇಳೀಬೋದಾ, ಸಾ?" ಕುಣಿಯೊಳಗೆ ಕಾಲು ಇಳಿಬಿಟ್ಟು ನೆಲಮಟ್ಟಕ್ಕೆ ಕೂತು ಏಳುವುದು ಇನ್ನು ಬೇಡ ಎಂದರು ಅವರು. ಅಂದಿನಿಂದ ಆಪರೇಷನ್ ಮಾತೆತ್ತಿದರೆ ಸಾಕು, "ಈ ಹಾಸು ಮುಗೀಲಿ ಬುಡು, ನೋಡುಮ" ಎನ್ನುತ್ತೀಯ.

ನಾನೂ ನೇಯುವವರ ಮನೆಯಲ್ಲೇ ಹುಟ್ಟಿದವಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ತೀರುವ ಮೊದಲೇ ಹೊಸ ರೇಷ್ಮೆ ಎಳೆಗಳನ್ನು ತಂದು ಹಳೆಯವುಗಳ ತುದಿಗೆ ಒಂದೊಂದಾಗಿ ಹೊಸೆದು ಕೂಡಿಸುತ್ತೀರಿ. ನಿನ್ನತ್ತೆ ನಿನ್ನನ್ನು ಆ ಕುಣಿಯಲ್ಲಿ ಕೂರಿಸಿದ ದಿನದಿಂದ ಆ ಮಗ್ಗದ ಹಾಸು ಒಮ್ಮೆಯೂ ಮುಗಿದದ್ದಿಲ್ಲ. ಮುಗಿಯದೇ ಇರುವುದನ್ನು ವಾಯಿದೆ ಮಾಡಿಕೊಂಡು ಯಾರನ್ನು ಏಮಾರಿಸುತ್ತಿದ್ದೀಯ? ಡಾಕ್ಟರಿಗೆ ಇದು ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ.

ಮತ್ತೆ ಕುಣಿಗೆ ಇಳಿಯುತ್ತೀಯ ಎಂದು ಸುಳ್ಳು ಹೇಳಿ ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯಲಾರೆ. ಮಗ್ಗವನ್ನು ಮೇಲಕ್ಕೆ ಎತ್ತಿಸಿ, ಬೆಂಚು ಹಾಕಿಸಿಕೊಂಡು ನೇಯಬಹುದು. ನಿನ್ನ ಕೈಗೆ ಕಾಲಿಗೆ ಅದು ಹೊಂದುತ್ತದೋ ಇಲ್ಲವೋ ಗೊತ್ತಿಲ್ಲ. ಹೊಂದದೆ ಹೋದರೆ ಮಗ್ಗ ಹೋಯಿತು, ನಡಿಗೆ ಉಳಿಯಿತು. ಎರಡೂ ಖಂಡಿತ ಉಳಿಯುವ ದಾರಿ ನನಗೆ ಕಂಡಿಲ್ಲ. ನನಗೆ ನಡೆದಾಡುವ ಅಕ್ಕ ಬೇಕು. ಸ್ವಾರ್ಥ ಅಂತಲೇ ಇಟ್ಟುಕೋ.

ಹೊಸ ಹಾಸಿನ ರೇಷ್ಮೆ ಮನೆಗೆ ಬಂದಿದೆ ಎಂದು ಇಂಚರ ಹೇಳಿದಳು. ಭಾನುವಾರ ಬರುತ್ತೇನೆ. ಬಂದವಳು ಮೊದಲು ಮಗ್ಗವನ್ನೇ ನೋಡುತ್ತೇನೆ. ಹೊಸದನ್ನು ಹಳೆಯ ಹಾಸಿಗೆ ಕೂಡಿಸಿಬಿಟ್ಟಿದ್ದರೆ ಏನೂ ಕೇಳುವುದಿಲ್ಲ. ಊಟ ಮಾಡಿಕೊಂಡು ಮೈಸೂರಿನ ಬಸ್ಸು ಹತ್ತುತ್ತೇನೆ, ಇನ್ನು ಈ ಮಾತು ಎತ್ತುವುದೂ ಇಲ್ಲ. ಕೂಡಿಸದೆ ಇದ್ದರೆ, ಕೊನೆಯ ಸೀರೆಯನ್ನು ಕೊಯ್ದು ಇಳಿಸುವಾಗ ಒಂದು ತುದಿಯನ್ನು ನಾನು ಹಿಡಿಯುತ್ತೇನೆ. ಆಮೇಲೆ ಖಾಲಿ ಮಗ್ಗದ ಎದುರು ನೀನು ಅಳಬೇಕೆನಿಸಿದಷ್ಟು ಹೊತ್ತು ಅಳು. ನಾನು ಪಕ್ಕದಲ್ಲೇ ಕೂತಿರುತ್ತೇನೆ.

ಮಾದಪ್ಪ ನಿನ್ನ ಕಾಲಿಗೆ ಕಸುವು ಕೊಡಲಿ, ನಿನ್ನ ಹಟವನ್ನು ಸ್ವಲ್ಪ ಸಡಿಲ ಮಾಡಲಿ.

ನಿನ್ನ ತಂಗಿ,
ರತ್ನ