ನಿನ್ನ ಕಪ್ಪು ಹ್ಯಾಟು

ಅಮ್ಮಾ,

ಭಾನುವಾರ ದೇವರ ದಿನ, ಪೆನ್ನು ಹಿಡಿಯಬಾರದು, ಹಿಡಿದಿದ್ದೇನೆ. ಇವತ್ತು ನಾನು ಮೊದಲ ಸಲ ಕರ್ತನ ಭೋಜನಕ್ಕೆ, ಯೇಸುವಿನ ನೆನಪಿನ ರೊಟ್ಟಿ-ದ್ರಾಕ್ಷಾರಸಕ್ಕೆ ಕೂತೆ, ನಿನ್ನ ಕಪ್ಪು ಹ್ಯಾಟು ಹಾಕಿಕೊಂಡು. ನೀನು ಸಾಯುವ ತನಕ ಹಿಂದಿನ ಬೆಂಚಿನಲ್ಲೇ ಕೂತು, ಆ ರೊಟ್ಟಿ ಮುಟ್ಟದೆ ಹೋದೆ. ನಮ್ಮ ಲೂಯಿಸ್ ದ್ವೀಪದಲ್ಲಿ ಅರ್ಧ ಸಭೆ ಹಾಗೇ ಹೋಗುತ್ತದೆ, ಯೋಗ್ಯತೆ ಸಾಲದೆಂದು ಹೆದರಿ.

ಭೋಜನಕ್ಕೆ ಯೋಗ್ಯಳೋ ಎಂದು ಶುಕ್ರವಾರ ಸಭೆಯ ಹಿರಿಯರು ನನ್ನನ್ನು ವಿಚಾರಿಸಿದರು. ಅವರಲ್ಲಿ ಮುದುಕ ಟಾರ್ಕಿಲ್ ನಕ್ಕ. "ಅರವತ್ತಕ್ಕೆ ಅಆಇಈ ಶುರು ಮಾಡಿದ್ದೀಯಲ್ಲೇ ಎಫಿ! ಇರಲಿ ಬಿಡು, ಒಳ್ಳೇದೇ." ಆಮೇಲೆ ನಗು ನಿಲ್ಲಿಸಿ ಕೇಳಿದ: "ನಿಮ್ಮಮ್ಮನೂ ಒಂದ್ಸಲ ಬರ್ತೀನಿ ಅಂದಿದ್ಲು. ಕಾಯ್ತಾ ಕೂತಿದ್ವಿ. ಯಾಕೆ ಬರ್ಲಿಲ್ಲ?"

"ಗೊತ್ತಿಲ್ಲ," ಅಂದೆ.

ಆ ದಿನ ನೀನು ಈ ಹ್ಯಾಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದೆ. "ಈ ವಯಸ್ಸಲ್ಲಿ ಇದೇನಮ್ಮಾ ವೇಷ, ಊರು ನಗುತ್ತೆ," ಅಂದಿದ್ದೆ ನಾನು. ನೀನು ಹ್ಯಾಟಿನ ಪಿನ್ನು ಕಿತ್ತು, ಒಲೆ ಊದಲು ಹೋದೆ.

ಇವತ್ತು ರೊಟ್ಟಿ ಮುರಿಯುವ ಮೊದಲು ಪಾದ್ರಿಗಳು ಎಂದಿನಂತೆ ಮೇಜಿಗೆ ಬೇಲಿ ಹಾಕಿದರು. ಅಂದರೆ, ಭೋಜನಕ್ಕೆ ಯಾರ್ಯಾರು ಬರಕೂಡದೆಂದು ಹೇಳುತ್ತಾ ಹೋದರು: ಕಳ್ಳರು, ಕುಡುಕರು, ವ್ಯಭಿಚಾರಿಗಳು. ನಾನು ನಿರಾಳವಾಗಿ ಉಸಿರು ಬಿಟ್ಟೆ. ಕೊನೆಗೆ, "ಬರಲಿದ್ದವರನ್ನು ಬಾಗಿಲಲ್ಲೇ ತಡೆದವರು," ಎಂದರು. "ಅಂಥವರು ಈ ಬಟ್ಟಲಿನಿಂದ ಕುಡಿದರೆ ತಮ್ಮ ಮೇಲಿನ ದೇವರ ತೀರ್ಪನ್ನೇ ಕುಡಿಯುತ್ತಾರೆ."

ಎದ್ದು ಹೋಗಬಹುದಿತ್ತು. ಇಡೀ ಊರು ನೋಡುತ್ತಿತ್ತು. ಬಟ್ಟಲು ಬಂತು, ಕುಡಿದೆ.

ಮನೆಗೆ ಬಂದು ಎರಡು ಗಂಟೆಯಾಯಿತು. ಬಾಯಿಂದ ಆ ರುಚಿ ಹೋಗಿಲ್ಲ. ಪಿನ್ನು ಬೆರಳಿಗೆ ಸಿಗುತ್ತಿದೆ ಅಮ್ಮಾ, ಹ್ಯಾಟು ತೆಗೆಯಲು ಕೈ ಬರುತ್ತಿಲ್ಲ.