ನಮ್ಮನೆಯವರ ಹೆಜ್ಜೆಗೆ ಬೇಕಾದ ಹಾಡು

ಗದಗ, ೨೧೯೪ನೇ ಇಸವಿ, ಕಾರ್ತಿಕ ಮಾಸದ ಮೂರನೇ ಸೋಮವಾರ.

ನಮಗಿಂತ ನೂರೆಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ ಶಂಕ್ರವ್ವ ಮಾಡುವ ಶರಣಾರ್ಥಿಗಳು. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಪಾರ್ಕಿನ್ಸನ್ ರೋಗಿಗಳಿಗಾಗಿ ಹಾಡಿನ ಆಟಗಳನ್ನು ಮನೆಮನೆಗೆ ತರಲು ನಿಮ್ಮ ಕಾಲದವರೇ ಶುರುಮಾಡಿದರಂತೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಇಲ್ಲಿ ನನ್ನ ಮಾತು ಕೇಳುವವರು ಯಾರೂ ಉಳಿದಿಲ್ಲ.

ನಮ್ಮನೆಯವರ ಹೆಸರು ದ್ಯಾವಪ್ಪ. ಮೂವತ್ತು ವರ್ಷ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಹತ್ತಿ ರಿಪೇರಿ ಮಾಡಿದವರು. ಅಂಥವರಿಗೆ ಅರವತ್ತಮೂರನೇ ವಯಸ್ಸಿನಲ್ಲಿ ಈ ರೋಗ ಬಂತು. ಮೊದಲು ಬಲಗೈ ನಡುಗಿತು, ಆಮೇಲೆ ಕಾಲು ಮಾತು ಕೇಳದಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ನಿಂತೇಬಿಡುವರು. "ಕಾಲು ನೆಲಕ್ಕ ಅಂಟಿಕೊಂಡಾವ, ಏನ್ ಮಾಡ್ಲಿ?" ಎಂದು ನನ್ನನ್ನೇ ಕೇಳುವರು.

ಆಗ ಆಸ್ಪತ್ರೆಯವರು ಹೆಜ್ಜೆಹಾಸು ಕೊಟ್ಟರು. ಚಾಪೆಯಂಥದ್ದೇ, ಆದರೆ ಹಾಡು ಶುರುವಾದರೆ ತಾಳಕ್ಕೆ ಸರಿಯಾಗಿ ಒಂದೊಂದೇ ಚೌಕ ಬೆಳಗುತ್ತದೆ. ಬೆಳಗಿದ ಚೌಕದ ಮೇಲೆ ಕಾಲಿಟ್ಟರೆ ಎದುರಿನ ಗೋಡೆಯಲ್ಲಿ ಬೆಳಕಿನ ಗಿಳಿಗಳು ಹಾರುತ್ತವೆ, ತಪ್ಪಿದರೆ ಕುಳಿತುಬಿಡುತ್ತವೆ. ಹಾಡುಗಳು ತಾಳಮನೆ ಎಂಬ ದೂರದ ಕಚೇರಿಯಿಂದ ಬರುತ್ತವೆ. ನಮ್ಮವರು ಹರೆಯದಲ್ಲಿ ಆಡಿದ ಕೋಲಾಟದ ಹಾಡನ್ನೇ ಆರಿಸಿಕೊಂಡರು. ನಾಲ್ಕೇ ತಿಂಗಳಲ್ಲಿ ಯಾರ ಕೈಯನ್ನೂ ಹಿಡಿಯದೆ ಬಚ್ಚಲಿಗೆ ಹೋಗಿ ಬಂದರು. ಆ ದಿನ ನಾನು ಹೋಳಿಗೆ ಮಾಡಿದ್ದೆ.

ಕಳೆದ ಚೈತ್ರದಲ್ಲಿ ಹಾಡು ಬದಲಾಯಿತು. ಹಾಸಿನಿಂದ ಬರೀ ಟಕ್ ಟಕ್ ಸದ್ದು. ತಾಳಮನೆಗೆ ಕರೆ ಮಾಡಿದೆ. ಅಲ್ಲಿದ್ದ ಹುಡುಗಿ, "ಹಳೇ ಹಾಡು ಅಳಿಸೇವ್ರಿ ಅಮ್ಮಾರ. ಈಗ ಎಲ್ಲಾರಿಗೂ ಒಂದ ತಾಳ. ಸ್ವಲ್ಪ ದಿನದಾಗ ರೂಢಿ ಆಗತೈತಿ" ಎಂದಳು.

ರೂಢಿಯಾಗಲಿಲ್ಲ. ಆ ಸದ್ದಿಗೆ ಅವರ ಕಾಲು ಏಳಲೇ ಇಲ್ಲ. ಮೂರನೇ ವಾರ ಚಹಾದ ಲೋಟ ಹಿಡಿದೇ ಬಾಗಿಲಲ್ಲಿ ಬಿದ್ದರು. ಎಲುಬು ಮುರಿಯಲಿಲ್ಲ, ಧೈರ್ಯ ಮುರಿಯಿತು.

ಅಂದಿನಿಂದ ಆ ಕೋಲಾಟದ ಹಾಡನ್ನು ನಾನೇ ಹಾಡತೊಡಗಿದೆ. ನನಗೆ ಬರುತ್ತಿದ್ದದ್ದು ಎರಡೇ ಸಾಲು. ಉಳಿದದ್ದನ್ನು ಅವರು ರೋಗದಿಂದ ಕುಗ್ಗಿದ ದನಿಯಲ್ಲಿ ನನ್ನ ಕಿವಿಯಲ್ಲಿ ಹೇಳಿಕೊಟ್ಟರು. ನಾನು ತಾಟು ಬಡಿಯುತ್ತಾ ಹಿಂದಕ್ಕೆ ಸರಿಯುವುದು, ಅವರು ನನ್ನ ಮುಖ ನೋಡುತ್ತಾ ಮುಂದೆ ಬರುವುದು. "ನಿಲ್ಲಸಬ್ಯಾಡ, ಹಾಡು, ನಾ ಬರ್ತೇನಿ" ಎನ್ನುವರು. ದಿನವೂ ಬಂದರು. ಆರು ತಿಂಗಳು ಹೀಗೇ ನಡೆಯಿತು.

ಈಗ ನನ್ನ ಗಂಟಲಲ್ಲಿ ಗಂಟಾಗಿದೆ. ಡಾಕ್ಟರು ಮಾತೇ ಆಡಬೇಡ ಎಂದಿದ್ದಾರೆ. ನಾನು ಕೇಳಲಿಲ್ಲ. ನಿನ್ನೆ ಹೇಗೋ ನಾಲ್ಕು ಹೆಜ್ಜೆಯಷ್ಟು ಹಾಡಿದೆ. ಇವತ್ತು ಬಾಯಿ ತೆರೆದರೆ ಬರೀ ಗಾಳಿ. ತಾಟು ಬಡಿದೆ, ಅದೊಂದರಿಂದಲೇ ಅವರ ಕಾಲು ಏಳಲಿಲ್ಲ. ನಾನು ಅಳುವುದನ್ನು ನೋಡಿ ಅವರು, "ಸುಮ್ನಿರು ಶಂಕ್ರಿ. ನಾ ಇಲ್ಲೇ ನಿಂದರ್ತೇನಿ" ಎಂದರು.

ಹಿರಿಯರೇ, ಕೈಮುಗಿದು ಕೇಳುತ್ತೇನೆ. ಆ ಆಟಗಳನ್ನು ಕಟ್ಟುವಾಗ ರೋಗಿಯ ಹಾಡನ್ನು ರೋಗಿಯ ಮನೆಯಲ್ಲೇ ಇಡಿ. ದೂರದಲ್ಲಿ ಕುಳಿತ ಯಾರಿಂದಲೂ ಅಳಿಸಲಾಗದಂತೆ ಇಡಿ. ಮನೆಯ ನಾಲ್ಕು ಜನಕ್ಕಾದರೂ ಅದು ಬಾಯಿಪಾಠವಾಗಿರಲಿ. ನೀವು ಈಗ ಮಾಡಿದರೆ ನಮ್ಮವರೆಗೆ ಬಂದೀತು.

ಬೇಗ ಮಾಡಿ. ಅವರು ಅಲ್ಲೇ ನಿಲ್ಲುವುದು ನನಗೆ ಬೇಡ.