ಕೊಯ್ದು ತೋರಿಸಿದ ಫ್ರೆಂಚ್

ಹಲಸೂರು
೧೦ ಜುಲೈ ೧೯೪೬

ದೊಡ್ಡನೆಕ್ಕುಂದಿಯಲ್ಲಿ ಸೊಸೆತನ ಮಾಡುತ್ತಿರುವ ನನ್ನ ಗೋವಿಂದಕ್ಕನಿಗೆ ತಂಗಿ ಪಿಳ್ಳಮ್ಮನ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಏಕೆಂದರೆ, ಪತ್ರ ಓದಿ ನೀನು ಕೋಲು ಹುಡುಕುತ್ತೀಯ, ಬಿದ್ದವಳನ್ನು ಹೊಡೆಯಬಾರದು.

ನಿನ್ನ ಮೈದುನ ರಾಮಾಂಜಿನಪ್ಪನವರಿಗೆ ನನ್ನನ್ನು ಕೊಡುವ ಮಾತು ಈ ಶ್ರಾವಣಕ್ಕೆ ಗಟ್ಟಿಯಾಗಬೇಕಿತ್ತಲ್ಲ, ಅದು ಎರಡು ವರ್ಷ ಮುಂದೆ ಹೋಗಿದೆ. ಹುಡುಗನಲ್ಲಿ ತಪ್ಪಿಲ್ಲ. ತಪ್ಪೆಲ್ಲ ಫ್ರೆಂಚಿನದು.

ಇಂಟರ್‌ಮೀಡಿಯೆಟ್‌ಗೆ ಸೇರಿದಾಗ ಎರಡನೆಯ ಭಾಷೆ ಯಾವುದೆಂದು ಕೇಳಿದರು. ಫ್ರೆಂಚ್ ಎಂದೆ. ಸಂಸ್ಕೃತ ತೆಗೆದುಕೊಂಡರೆ ಸಂಸಾರ, ಫ್ರೆಂಚ್ ತೆಗೆದುಕೊಂಡರೆ ಸಂಬಳ ಎಂದು ಅಪ್ಪನಿಗೆ ವಿವರಿಸಿದೆ. ಯುದ್ಧ ಮುಗಿದಿದೆ, ಪರದೇಶದ ಕಂಪನಿಗಳು ಬರುತ್ತವೆ, ಅವರ ಕಾಗದ ಓದಿ ಹೇಳಲು ಜನ ಬೇಕು ಎಂದೆ. ರಸೆಲ್ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಅಪ್ಪ ಬಾಯಿಮಾತು ನಂಬುತ್ತಾರೆಯೆ? “ಕಲ್ಲಂಗಡೀನೇ ಕೊಯ್ದು ತೋರ್ಸಿದ್ಮೇಲೆ ತಗೊಳ್ಳೋದು. ನಿನ್ ಫ್ರೆಂಚೂ ಕೊಯ್ದು ತೋರ್ಸು. ಕೆಂಪಗಿದ್ರೆ ಕಾಲೇಜು, ಬೆಳ್ಳಗಿದ್ರೆ ದೊಡ್ಡನೆಕ್ಕುಂದಿ” ಎಂದುಬಿಟ್ಟರು.

ಪಾಠ ಶುರುವಾಗಿ ಒಂದು ವಾರವೂ ಆಗಿರಲಿಲ್ಲ, ಅಕ್ಕ! ಬದನೆಕಾಯಿ ಬುಟ್ಟಿಯ ಜೊತೆಗೆ ನನ್ನನ್ನೂ ಜಟಕಾಕ್ಕೆ ಹೇರಿ, ಕ್ಲೀವ್‌ಲ್ಯಾಂಡ್ ಟೌನಿನಲ್ಲಿರುವ ಫ್ರೆಂಚ್ ಪಾದ್ರಿಯ ಬಂಗಲೆಗೆ ಕರೆದೊಯ್ದರು. ಬಿಳಿ ಗಡ್ಡದ ಪಾದ್ರಿ ಹೊರಗೆ ಬಂದವರೇ ಬುಟ್ಟಿಗೆ ಕೈಹಾಕಿ, “ಎನ್ನ ಅಯ್ಯಾ, ಕತ್ತಿರಿಕ್ಕಾಯ್ ಮುತ್ತಲಾ ಇರುಕ್ಕೇ” ಎಂದು ಅಚ್ಚ ತಮಿಳಿನಲ್ಲಿ, ಬದನೆಕಾಯಿ ಬಲಿತಿದೆಯೆಂದು ಚೌಕಾಸಿಗೆ ನಿಂತರು.

ಅಪ್ಪ ನನ್ನತ್ತ ತಿರುಗಿದರು. “ನೋಡ್ದೇನಮ್ಮೀ? ಅವ್ರೇ ನಮ್ಮ ಕಂಟೋನ್ಮೆಂಟ್ ಮಾತು ಕಲ್ತವ್ರೆ. ನೀನ್ಯಾಕೆ ಅವರ್ದು ಕಲೀಬೇಕು? ನಡಿ, ಗಾಡಿ ಹತ್ತು.”

ನನ್ನ ಮೂಗಿಗೆ ಮದುವೆ ಊಟದ ಒಗ್ಗರಣೆಯೇ ಬಡಿಯಿತು. ಕಣ್ಣುಮುಚ್ಚಿ, ಕಲಿತ ಫ್ರೆಂಚನ್ನೆಲ್ಲ ಪಾದ್ರಿಯ ಮುಂದೆ ಸುರಿದೆ. ಅವರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಗಡ್ಡ ನೀವಿಕೊಂಡರು. ಆಮೇಲೆ ಅಪ್ಪನಿಗೆ ತಮಿಳಿನಲ್ಲಿ ಹೇಳಿದರು: ನಿಮ್ಮ ತರಕಾರಿಯ ಗುಣವನ್ನು ಮಗಳು ಎಷ್ಟು ಸೊಗಸಾಗಿ ಬಣ್ಣಿಸಿದಳೆಂದರೆ, ಇನ್ನು ನಮ್ಮ ಅನಾಥಾಲಯದ ಅಡಿಗೆಗೆ ನಿಮ್ಮದೇ ತರಕಾರಿ, ಏನೇನು ಬೇಕೆಂದು ಕೇಳಿಕೊಂಡು ಹೋಗಲು ಪ್ರತಿ ಶನಿವಾರ ಅವಳನ್ನೇ ಕಳಿಸಿ, ಫ್ರೆಂಚಿನಲ್ಲೇ ಹೇಳುತ್ತೇನೆ.

“ಬಲ್ತಿರೋ ಬದ್ನೇಕಾಯ್ನ ಮಾರೋ ಭಾಷೆ ಅಂದ್ರೆ ಸಾಮಾನ್ಯವೇನಯ್ಯಾ!” ಎಂದು ಅಪ್ಪ ದಾರಿಯುದ್ದಕ್ಕೂ ಜಟಕಾದವನಿಗೆ ಹೇಳಿದ್ದೇ ಹೇಳಿದ್ದು. ಹಲಸೂರು ಕೆರೆ ಕಾಣುವಷ್ಟರಲ್ಲಿ ಮದುವೆ ಮುಂದಕ್ಕೆ ಹೋಗಿತ್ತು.

ರಾಮಾಂಜಿನಪ್ಪನವರಿಗೆ ನೀನೇ ಮೆಲ್ಲಗೆ ತಿಳಿಸು. ಮನಸ್ಸಿದ್ದರೆ ಕಾಯಲಿ, ನಾನಿನ್ನೂ ಕಾಯಿ.

ಕೋಲಿಗೆ ಬೆನ್ನು ಕೊಡದ, ನಿನ್ನ
ಪಿಳ್ಳಿ

ತಾ.ಕ.: ಪಾದ್ರಿಗೆ ನಾನು ಹೇಳಿದ್ದೇನೆಂದು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ, ಭಾವನಿಗೆ ಓದಿ ಹೇಳಬೇಡ. ಮೊದಲ ಪಾಠದಲ್ಲಿದ್ದ ಒಂದೇ ವಾಕ್ಯ: “ನನ್ನ ಅತ್ತೆಯ ಬೆಕ್ಕು ಮೇಜಿನ ಕೆಳಗೆ ಮಲಗಿದೆ.” ಅಪ್ಪ ಅದನ್ನು ನನ್ನಿಂದ ಬಾಯಿಪಾಠ ಮಾಡಿಸಿಕೊಂಡಿದ್ದಾರೆ. ಮಾರ್ಕೆಟ್ಟಿನಲ್ಲಿ ಯಾವ ದೊರೆಸಾನಿ ಕಂಡರೂ ಬದನೆಕಾಯಿ ಎತ್ತಿ ಹಿಡಿದು ಅದನ್ನೇ ಕೂಗುತ್ತಾರೆ. ವ್ಯಾಪಾರ ಜೋರಾಗಿದೆ.